ಅದು ಒಂದೇ ಇಂಜೆಕ್ಷನ್ ಅಲ್ಲ

(ವಿಶ್ವ ಅರಿವಳಿಕೆ ದಿನದಂದು ಸಾರ್ವಜನಿಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಆಪರೇಷನ್ನಿನ ಹಿಂದಿನ ದಿನ ರೋಗಿಗಳನ್ನು ನೋಡಲು ವಾರ್ಡಿಗೆ ಹೋದಾಗ ಅರಿವಳಿಕೆ (ಅನಸ್ತೇಶಿಯಾ) ವೈದ್ಯರಾದ ನಮಗೆ ಸಾಮಾನ್ಯವಾಗಿ ಎದುರಾಗುವ ಮಾತು ಇದು: "ಮತ್ತು ಬರೋ ಇಂಜೆಕ್ಷನ್ ಕೊಡ್ತೀರಲ್ಲ ಡಾಕ್ಟ್ರೇ, ಅದು ಎಷ್ಟು ಹೊತ್ತು ಇರುತ್ತೆ? ಮಧ್ಯದಲ್ಲಿ ಎಚ್ಚರ ಆಗಿಬಿಟ್ರೆ?"

ತುಂಬಾ ಒಳ್ಳೆಯ ಪ್ರಶ್ನೆ. ಆದರೆ ಅದರ ಹಿಂದೆ ಒಂದು ತಪ್ಪು ಕಲ್ಪನೆ ಇದೆ. ಚುಚ್ಚಿದರೆ ಮೂರು ಗಂಟೆ ನಿದ್ದೆ ಬರಿಸುವ ಒಂದು ಇಂಜೆಕ್ಷನ್ ಇದೆ, ಅದನ್ನು ಕೊಟ್ಟ ಡಾಕ್ಟರು ಕೈ ತೊಳೆದುಕೊಂಡು ಹೊರಟುಹೋಗುತ್ತಾರೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಅಂಥ ಇಂಜೆಕ್ಷನ್ ಇಲ್ಲ. ನಿದ್ದೆಗೆ ನಾವು ಮೊದಲು ಕೊಡುವ ಔಷಧಿಯ ಪ್ರಭಾವ ಐದು-ಹತ್ತು ನಿಮಿಷಕ್ಕೆ ಇಳಿದುಹೋಗುತ್ತದೆ. ಆಮೇಲಿನ ಹೊತ್ತನ್ನು ನಡೆಸುವುದು ಬೇರೆ ಬೇರೆ ಔಷಧಿಗಳು, ಮತ್ತು ನಿಮ್ಮ ತಲೆಯ ಪಕ್ಕ ಕೂತು ಅವನ್ನು ನಿಮಿಷ ನಿಮಿಷಕ್ಕೂ ಹೆಚ್ಚು ಕಡಿಮೆ ಮಾಡುವ ಒಬ್ಬ ವೈದ್ಯರು.

ಇವತ್ತು ಆ ಔಷಧಿಗಳ ಬಗ್ಗೆ ಮಾತಾಡುತ್ತೇನೆ. ಹೆಸರು ಹಿಡಿದೇ ಹೇಳುತ್ತೇನೆ. ನಿಮ್ಮ ಮೈಯೊಳಗೆ ಹೋಗುವುದು ಏನು ಅಂತ ನಿಮಗೆ ಗೊತ್ತಿರಬೇಕು, ಅಲ್ವಾ?

1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ವಿಲಿಯಂ ಮಾರ್ಟನ್ ಎಂಬ ಹಲ್ಲಿನ ವೈದ್ಯರು ಒಬ್ಬ ರೋಗಿಗೆ ಈಥರ್ ಉಸಿರಾಡಿಸಿದರು. ಸರ್ಜನ್ ಜಾನ್ ವಾರನ್ ಅವನ ಕತ್ತಿನಲ್ಲಿದ್ದ ಗಡ್ಡೆಗೆ ಕತ್ತಿ ಹಾಕಿದರು. ರೋಗಿ ಕಿರುಚಲಿಲ್ಲ. ಆ ದಿನವನ್ನೇ ನಾವು ಅರಿವಳಿಕೆ ದಿನ ಅಂತ ಆಚರಿಸುವುದು. ಅದಕ್ಕೂ ಮುಂಚೆ, 1842ರಲ್ಲೇ, ಜಾರ್ಜಿಯಾದ ಹಳ್ಳಿಗಾಡಿನ ವೈದ್ಯ ಕ್ರಾಫರ್ಡ್ ಲಾಂಗ್ ಈಥರ್ ಬಳಸಿದ್ದರು. ಆದರೆ 1849ರವರೆಗೆ ಅದನ್ನು ಎಲ್ಲೂ ಪ್ರಕಟಿಸಲಿಲ್ಲ. ಬಾಸ್ಟನ್ನಿನ ಆ ಆಪರೇಷನ್ನಿನ ಮರುವರ್ಷ, 1847ರಲ್ಲಿ, ಎಡಿನ್‌ಬರೋದ ಜೇಮ್ಸ್ ಸಿಂಪ್ಸನ್ ಕ್ಲೋರೋಫಾರ್ಮ್ ತಂದರು. ಈಥರಿಗಿಂತ ಬೇಗ ನಿದ್ದೆ ಬರಿಸುತ್ತಿತ್ತು, ವಾಸನೆಯೂ ಹಿತ. ಆದರೆ ಕೆಲವು ರೋಗಿಗಳು ಟೇಬಲ್ ಮೇಲೇ, ಇದ್ದಕ್ಕಿದ್ದ ಹಾಗೆ ಸಾಯತೊಡಗಿದರು.

ಯಾಕೆ ಸಾಯುತ್ತಿದ್ದಾರೆ ಎಂಬ ಜಗಳದಲ್ಲಿ ನಮ್ಮ ಕಡೆಗೂ ಒಂದು ಪಾಲಿದೆ. ಹೈದರಾಬಾದಿನಲ್ಲಿದ್ದ ಸರ್ಜನ್ ಎಡ್ವರ್ಡ್ ಲಾರಿ, ಕ್ಲೋರೋಫಾರ್ಮ್ ಮೊದಲು ನಿಲ್ಲಿಸುವುದು ಉಸಿರನ್ನು, ಉಸಿರನ್ನು ಕಾದರೆ ಸಾಕು ಅನ್ನುತ್ತಿದ್ದರು. ಲಂಡನ್ನಿನವರು ಇಲ್ಲ, ಅದು ನೇರವಾಗಿ ಹೃದಯಕ್ಕೇ ಹೊಡೆಯುತ್ತದೆ ಅನ್ನುತ್ತಿದ್ದರು. ಇದನ್ನು ತೀರ್ಮಾನಿಸಲು ನಿಜಾಮರ ಹಣದಲ್ಲಿ 1888 ಮತ್ತು 1889ರಲ್ಲಿ ಎರಡು ಹೈದರಾಬಾದ್ ಕ್ಲೋರೋಫಾರ್ಮ್ ಆಯೋಗಗಳು ಪ್ರಾಣಿಗಳ ಮೇಲೆ ಪ್ರಯೋಗ ಮಾಡಿದವು. ನಮ್ಮ ಬೀದರ್, ಕಲಬುರಗಿ, ರಾಯಚೂರು ಆಗ ಅದೇ ಸಂಸ್ಥಾನದಲ್ಲಿದ್ದವು. ಆಯೋಗಗಳು ಲಾರಿಯವರ ಮಾತನ್ನೇ ಎತ್ತಿಹಿಡಿದವು. ಆದರೆ 1911ರಲ್ಲಿ ಲೆವಿ ಎಂಬ ವಿಜ್ಞಾನಿ, ಹಗುರವಾಗಿ ಕೊಟ್ಟ ಕ್ಲೋರೋಫಾರ್ಮ್ ಕೂಡ ಹೃದಯದ ಬಡಿತವನ್ನು ನೇರವಾಗಿ ಕೆಡಿಸಬಲ್ಲದು ಅಂತ ತೋರಿಸಿಕೊಟ್ಟರು. ಹಾಗಾದರೆ ಲಾರಿಯವರದು ಪೂರಾ ತಪ್ಪೇ? ನನಗೆ ಹಾಗನ್ನಿಸುವುದಿಲ್ಲ. ಉಸಿರನ್ನು ಕಾಯಿರಿ ಎಂಬ ಅವರ ಹಟ ಸರಿಯಾಗಿತ್ತು. ಉಸಿರನ್ನು ಮಾತ್ರ ಕಾದರೆ ಸಾಕು ಅನ್ನುವುದು ತಪ್ಪಾಗಿತ್ತು. ಇವತ್ತು ನಮ್ಮ ಮಾನಿಟರಿನ ಮೇಲೆ ಉಸಿರು, ಹೃದಯ, ಬಿಪಿ, ರಕ್ತದಲ್ಲಿನ ಆಮ್ಲಜನಕ ನಾಲ್ಕೂ ಒಟ್ಟಿಗೆ ಓಡುತ್ತಿರುತ್ತವೆ.

ಆ ಹಳೆಯ ಔಷಧಿಗಳ ಕಷ್ಟ ಏನಾಗಿತ್ತು ಗೊತ್ತಾ? ನಿದ್ದೆ ಬರಿಸುವುದು, ನೋವು ತಡೆಯುವುದು, ಮಾಂಸಖಂಡ ಸಡಿಲಿಸುವುದು, ಈ ಮೂರು ಕೆಲಸವನ್ನೂ ಒಂದೇ ಔಷಧಿ ಮಾಡಬೇಕಿತ್ತು. ಹೊಟ್ಟೆಯ ಸ್ನಾಯು ಸಡಿಲವಾಗುವಷ್ಟು ಈಥರ್ ಕೊಡಬೇಕೆಂದರೆ ರೋಗಿಯನ್ನು ತುಂಬಾ ಆಳಕ್ಕೆ ಇಳಿಸಬೇಕು. ಅಲ್ಲಿಂದ ಸಾವು ಹೆಚ್ಚು ದೂರ ಇರುವುದಿಲ್ಲ. ಇವತ್ತು ಒಂದೊಂದು ಕೆಲಸಕ್ಕೆ ಒಂದೊಂದು ಔಷಧಿ, ಪ್ರತಿಯೊಂದೂ ಸ್ವಲ್ಪ ಸ್ವಲ್ಪ. ಅರಿವಳಿಕೆ ಇಷ್ಟು ಸುರಕ್ಷಿತವಾಗಲು ಇದೊಂದು ದೊಡ್ಡ ಕಾರಣ.

ಈಗ ನೀವೇ ಟೇಬಲ್ ಮೇಲೆ ಮಲಗಿದ್ದೀರಿ ಅಂತ ಇಟ್ಟುಕೊಳ್ಳಿ. ಕೈಗೆ ಡ್ರಿಪ್ ಹಾಕಿದೆ. ಮೊದಲು ಹೋಗುವುದು ಹೆಚ್ಚಾಗಿ ಮಿಡಜೋಲಮ್, ಒಂದೆರಡು ಮಿಲಿಗ್ರಾಂ. ಗಾಬರಿ ಇಳಿಯುತ್ತದೆ. ಅದು ಒಳಗೆ ಹೋದ ಮೇಲೆ ನಡೆದದ್ದು ನೆನಪಿನಲ್ಲಿ ಸರಿಯಾಗಿ ಉಳಿಯುವುದಿಲ್ಲ. "ನನ್ನನ್ನ ಯಾವಾಗ ಒಳಗೆ ಕರ್ಕೊಂಡು ಹೋದ್ರಿ?" ಅಂತ ಆಮೇಲೆ ಕೇಳುವವರು ತುಂಬಾ ಜನ. ಟೇಬಲ್ ಮೇಲೆ ಅವರು ನಮ್ಮ ಜೊತೆ ಮೊಮ್ಮಕ್ಕಳ ಸುದ್ದಿ ಮಾತಾಡಿರುತ್ತಾರೆ, ಆದರೆ ಅದು ಯಾವುದೂ ನೆನಪಿರುವುದಿಲ್ಲ.

ಅದರ ಜೊತೆಗೆ ಫೆಂಟನಿಲ್. ಇದು ನೋವಿಗೆ. ಬೆಲ್ಜಿಯಂನ ಪೌಲ್ ಜಾನ್ಸೆನ್ 1960ರ ಹೊತ್ತಿಗೆ ತಯಾರಿಸಿದ್ದು. ಮಾರ್ಫಿನ್‌ಗಿಂತ 50ರಿಂದ 100 ಪಟ್ಟು ಬಲ. ಹಾಗಾಗಿ ಇದರ ಲೆಕ್ಕ ಮಿಲಿಗ್ರಾಂನಲ್ಲಿ ಅಲ್ಲ, ಮೈಕ್ರೋಗ್ರಾಂನಲ್ಲಿ. ನಿದ್ದೆ ಮಾಡುತ್ತಿರುವವನಿಗೆ ನೋವಿನ ಔಷಧಿ ಯಾಕೆ ಅಂತ ಕೇಳಬಹುದು. ಮೆದುಳು ಮಲಗಿದ್ದರೂ ಮೈಗೆ ಕತ್ತಿ ತಾಗಿದ್ದು ಗೊತ್ತಾಗುತ್ತದೆ. ನಾಡಿ ಓಡುತ್ತದೆ, ಬಿಪಿ ಏರುತ್ತದೆ. ಆ ಸುದ್ದಿ ಮೇಲೆ ಹೋಗದ ಹಾಗೆ ತಡೆಯಬೇಕು.

ಆಮೇಲೆ ಪ್ರೊಪೊಫಾಲ್. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಇವತ್ತು ಜಗತ್ತಿನ ಬಹುಪಾಲು ಆಪರೇಷನ್ ಥಿಯೇಟರುಗಳಲ್ಲಿ ನಿದ್ದೆಗೆ ಇಳಿಸುವುದು ಇದೇ. ಸಿರಿಂಜಿನಲ್ಲಿ ನೋಡಿದರೆ ಥೇಟ್ ಹಾಲು. ಔಷಧಿ ನೀರಿನಲ್ಲಿ ಕರಗುವುದಿಲ್ಲ. ಹಾಗಾಗಿ ಅದನ್ನು ಸೋಯಾ ಎಣ್ಣೆಯಲ್ಲಿ ಕರಗಿಸಿ, ಮೊಟ್ಟೆಯ ಹಳದಿಯಿಂದ ತೆಗೆದ ಲೆಸಿತಿನ್ ಸೇರಿಸಿ, ನೀರಿನಲ್ಲಿ ಸಣ್ಣ ಸಣ್ಣ ಹನಿಗಳಾಗಿ ಬೆರೆಸಿರುತ್ತಾರೆ. ಬಿಳಿ ಬಣ್ಣ ಅದರಿಂದ ಬಂದದ್ದು. ಇದರ ಹಿಂದೆ ಇದ್ದವರು ಜಾನ್ ಗ್ಲೆನ್, ಬ್ರಿಟನ್ನಿನ ಐಸಿಐ ಕಂಪನಿಯಲ್ಲಿದ್ದ ಪಶುವೈದ್ಯರು. ಮೊದಲು ಬೇರೊಂದು ದ್ರಾವಣದಲ್ಲಿ ಕರಗಿಸಿ 1977ರಲ್ಲಿ ಮನುಷ್ಯರ ಮೇಲೆ ಪರೀಕ್ಷೆ ಶುರುವಾಯಿತು. ಆ ದ್ರಾವಣಕ್ಕೆ ಕೆಲವರಲ್ಲಿ ತೀವ್ರ ಅಲರ್ಜಿ ಆಯಿತು, ಕೆಲಸ ನಿಂತಿತು. ಬೇರೆಯವರಾದರೆ ಅಲ್ಲಿಗೇ ಕೈಬಿಡುತ್ತಿದ್ದರೇನೋ. ಗ್ಲೆನ್ ಮತ್ತು ಜೊತೆಯವರು ವರ್ಷಗಟ್ಟಲೆ ಕೂತು ಈ ಎಣ್ಣೆಯ ದಾರಿ ಕಂಡುಕೊಂಡರು. 1986ರಲ್ಲಿ ಔಷಧಿ ಮಾರುಕಟ್ಟೆಗೆ ಬಂತು. 2018ರಲ್ಲಿ ಗ್ಲೆನ್ ಅವರಿಗೆ ವೈದ್ಯಕೀಯ ಸಂಶೋಧನೆಗೆ ಕೊಡುವ ಲಾಸ್ಕರ್ ಪ್ರಶಸ್ತಿ ಸಿಕ್ಕಿತು. ಅವರ ಹೆಸರು ಸಾಮಾನ್ಯ ಜನರಿಗೆ ಗೊತ್ತೇ ಇಲ್ಲ ಅನ್ನುವುದು ನನಗೆ ಬೇಸರದ ವಿಷಯ. ಅವರು ಕೊಟ್ಟ ಔಷಧಿಯಲ್ಲಿ ಕೋಟ್ಯಂತರ ಜನ ನೋವಿಲ್ಲದೆ ಮಲಗಿ ಎದ್ದಿದ್ದಾರೆ.

ದೊಡ್ಡವರಿಗೆ ಕಿಲೋ ತೂಕಕ್ಕೆ ಒಂದೂವರೆಯಿಂದ ಎರಡೂವರೆ ಮಿಲಿಗ್ರಾಂ. ಒಳಗೆ ಹೋಗುವಾಗ ಕೈ ಉರಿಯುತ್ತದೆ. ಅದಕ್ಕೇ ಮರಗಟ್ಟಿಸುವ ಔಷಧಿ ಲಿಗ್ನೋಕೇನ್ ಸ್ವಲ್ಪ ಬೆರೆಸುತ್ತೇವೆ. ಅರ್ಧ ನಿಮಿಷದಲ್ಲಿ ಕಣ್ಣು ಮುಚ್ಚುತ್ತದೆ. ಇನ್ನು, ಹತ್ತು ನಿಮಿಷಕ್ಕೇ ಇಳಿಯುತ್ತದೆ ಅಂದೆನಲ್ಲ, ಅದು ಹೇಗೆ? ಔಷಧಿ ಅಷ್ಟು ಬೇಗ ಮೈಯಿಂದ ಹೊರಗೆ ಹೋಗುವುದಿಲ್ಲ. ಕಾಲುವೆಯ ನೀರು ಮೊದಲು ಮೇಲಿನ ಗದ್ದೆಗೆ ನುಗ್ಗಿ, ಆಮೇಲೆ ಕೆಳಗಿನ ಗದ್ದೆಗಳಿಗೆಲ್ಲ ಹರಿದು ಹಂಚಿಹೋಗುತ್ತದಲ್ಲ, ಹಾಗೆ. ರಕ್ತ ಜಾಸ್ತಿ ಹೋಗುವ ಮೆದುಳಿಗೆ ಮೊದಲು ನುಗ್ಗುತ್ತದೆ, ನಿದ್ದೆ ಬರುತ್ತದೆ. ಆಮೇಲೆ ಮಾಂಸಖಂಡಕ್ಕೂ ಕೊಬ್ಬಿಗೂ ಹರಿದುಹೋಗುತ್ತದೆ. ಮೆದುಳಿನಲ್ಲಿ ಮಟ್ಟ ಇಳಿದ ಕೂಡಲೇ ಎಚ್ಚರ.

ಈ ಔಷಧಿ ಉಸಿರನ್ನು ನಿಲ್ಲಿಸುತ್ತದೆ, ಬಿಪಿಯನ್ನು ಇಳಿಸುತ್ತದೆ. ಇದು ಯಾವಾಗಲೋ ಒಮ್ಮೆ ಆಗುವ ಅಡ್ಡಪರಿಣಾಮ ಅಲ್ಲ, ನಿದ್ದೆಗೆ ಇಳಿಸುವಷ್ಟು ಕೊಟ್ಟಾಗ ಆಗಿಯೇ ಆಗುತ್ತದೆ ಅಂತಲೇ ನಾವು ಸಿದ್ಧರಾಗಿರುತ್ತೇವೆ. ಅದಕ್ಕೇ ಕೊಡುವ ಮುಂಚೆ ಮುಖಕ್ಕೆ ಮಾಸ್ಕ್ ಹಿಡಿದು ಆಮ್ಲಜನಕ ತುಂಬಿಸುವುದು. "ಸುಮ್ನೆ ಉದ್ದಕ್ಕೆ ಉಸಿರು ತಗೊಳ್ಳಿ" ಅಂತ ನಾವು ಹೇಳಿದಾಗ ದಯವಿಟ್ಟು ತಗೊಳ್ಳಿ. ಉಸಿರು ನಿಂತ ಹೊತ್ತಿನಲ್ಲಿ ನಿಮ್ಮನ್ನು ಕಾಯುವುದು ಆ ಆಮ್ಲಜನಕವೇ.

ನಾನು ಅತ್ಯಂತ ಗೌರವದಿಂದ, ಸ್ವಲ್ಪ ಭಯದಿಂದಲೂ ಕೈಗೆತ್ತಿಕೊಳ್ಳುವುದು ಮುಂದಿನ ಗುಂಪನ್ನು. ಮಾಂಸಖಂಡ ಸಡಿಲಿಸುವ ಔಷಧಿಗಳು. ಹೊಟ್ಟೆ ಬಿಚ್ಚುವಾಗ, ಗಂಟಲಿಗೆ ಉಸಿರಿನ ನಳಿಕೆ ಹಾಕುವಾಗ ಸ್ನಾಯುಗಳು ಬಿಗಿ ಇರಬಾರದು. ಇದರ ಮೂಲ ದಕ್ಷಿಣ ಅಮೆರಿಕದ ಕಾಡಿನ ಜನ ಬಾಣದ ತುದಿಗೆ ಹಚ್ಚುತ್ತಿದ್ದ ಕ್ಯುರಾರೆ ಎಂಬ ವಿಷ. ಬಾಣ ತಾಗಿದ ಪ್ರಾಣಿ ಅಲ್ಲಾಡಲು ಆಗದೆ, ಉಸಿರಾಡಲು ಆಗದೆ ಬೀಳುತ್ತಿತ್ತು. ಹೊಟ್ಟೆಗೆ ಹೋದರೆ ವಿಷ ಏರದ ಕಾರಣ ಆ ಮಾಂಸ ತಿನ್ನುವವರಿಗೆ ಏನೂ ಆಗುತ್ತಿರಲಿಲ್ಲ. 1942ರ ಜನವರಿ 23ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ಹೆರಾಲ್ಡ್ ಗ್ರಿಫಿತ್ ಮತ್ತು ಎನಿಡ್ ಜಾನ್ಸನ್ ಅಪೆಂಡಿಕ್ಸ್ ಆಪರೇಷನ್ ಒಂದರಲ್ಲಿ ಅದನ್ನು ಬಳಸಿದರು. ಅರಿವಳಿಕೆಯ ದಾರಿ ಬದಲಾಯಿತು.

ಈ ಔಷಧಿ ಬರೀ ಸ್ನಾಯುವನ್ನು ಕಟ್ಟುತ್ತದೋ, ಪ್ರಜ್ಞೆಯನ್ನೂ ತೆಗೆಯುತ್ತದೋ ಎಂಬ ಅನುಮಾನ ಆಗ ಇತ್ತು. 1947ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅಮೆರಿಕದ ಯೂಟಾದ ಸ್ಕಾಟ್ ಸ್ಮಿತ್ ಎಂಬ ಅರಿವಳಿಕೆ ವೈದ್ಯರು ಎಚ್ಚರವಾಗಿದ್ದಾಗಲೇ ತಮಗೇ ಪೂರ್ತಿ ಕ್ಯುರಾರೆ ಕೊಡಿಸಿಕೊಂಡರು. ಬೆರಳು ಅಲ್ಲಾಡಲಿಲ್ಲ, ರೆಪ್ಪೆ ಎತ್ತಲಾಗಲಿಲ್ಲ, ಉಸಿರನ್ನು ಜೊತೆಯವರು ಕೊಟ್ಟರು. ಪರಿಣಾಮ ಇಳಿದ ಮೇಲೆ, ಆ ಹೊತ್ತಿನಲ್ಲಿ ತಮಗೆ ಎಲ್ಲವೂ ಕೇಳಿಸುತ್ತಿತ್ತು, ತಿಳಿಯುತ್ತಿತ್ತು ಅಂತ ಹೇಳಿದರು. ಅಂಥ ಧೈರ್ಯದಿಂದ ಸಿಕ್ಕ ತಿಳಿವಳಿಕೆ ಇದು: ಅಲ್ಲಾಡದವರೆಲ್ಲ ನಿದ್ದೆಯಲ್ಲಿಲ್ಲ.

ಮಧ್ಯದಲ್ಲಿ ಎಚ್ಚರ ಆದರೆ ಎಂಬ ಆ ಪ್ರಶ್ನೆಗೆ ಇಲ್ಲಿ ಉತ್ತರ ಇದೆ. ಬ್ರಿಟನ್ನಿನಲ್ಲಿ ಇಡೀ ದೇಶದ ಲೆಕ್ಕ ತೆಗೆದುಕೊಂಡು 2014ರಲ್ಲಿ ಪ್ರಕಟವಾದ ವರದಿಯಲ್ಲಿ, ಎಚ್ಚರವಾಗಿದ್ದೆ ಅಂತ ಆಮೇಲೆ ಹೇಳಿಕೊಂಡವರು ಸುಮಾರು 19,000ಕ್ಕೆ ಒಬ್ಬರು. ಸ್ನಾಯು ಸಡಿಲಿಸುವ ಔಷಧಿ ಕೊಟ್ಟಿದ್ದಾಗ ಅದು ಸುಮಾರು 8,000ಕ್ಕೆ ಒಬ್ಬರು. ಕಡಿಮೆಯೇ. ಆದರೆ ಆ ಒಬ್ಬರ ಪಾಡು ನೆನೆಸಿಕೊಂಡರೆ ಕಡಿಮೆ ಅಂತ ಹೇಳಲು ನಾಲಿಗೆ ಬರುವುದಿಲ್ಲ. ಹಾಗಾಗಿ ನಿದ್ದೆಯ ಔಷಧಿ ನಿಲ್ಲದೆ ಹರಿಯುತ್ತಿದೆಯೇ ಅಂತ ನೋಡುತ್ತಲೇ ಇರುತ್ತೇವೆ.

ಈಗ ಬಳಕೆಯಲ್ಲಿರುವುದು ವೆಕ್ಯುರೋನಿಯಂ, ಅಟ್ರಾಕ್ಯುರಿಯಂ, ರೋಕ್ಯುರೋನಿಯಂ. ಅಟ್ರಾಕ್ಯುರಿಯಂ ನನಗೆ ಅಚ್ಚುಮೆಚ್ಚು. ರಕ್ತದ ಬಿಸಿಗೆ ಅದು ತಾನಾಗೇ ಒಡೆದುಹೋಗುತ್ತದೆ, ಹಾಗಾಗಿ ಕಿಡ್ನಿ, ಲಿವರ್ ಕೆಟ್ಟವರಿಗೂ ಕೊಡಬಹುದು. ತುರ್ತಿಗೆ ಸಕ್ಸಿನೈಲ್‌ಕೋಲಿನ್ ಇದೆ. ಒಂದು ನಿಮಿಷದೊಳಗೆ ಕೆಲಸ ಮಾಡಿ, ಐದು-ಹತ್ತು ನಿಮಿಷಕ್ಕೆ ಇಳಿಯುತ್ತದೆ. ಅದನ್ನು ಒಡೆಯಲು ರಕ್ತದಲ್ಲಿ ಒಂದು ಕಿಣ್ವ ಇದೆ. ಕೆಲವರಿಗೆ ಹುಟ್ಟಿನಿಂದಲೇ ಆ ಕಿಣ್ವ ಇರುವುದಿಲ್ಲ, ಇಲ್ಲವೇ ಕೆಲಸ ಮಾಡುವುದಿಲ್ಲ. ದಿನನಿತ್ಯದ ಬದುಕಿಗೆ ಅದರಿಂದ ಯಾವ ತೊಂದರೆಯೂ ಇಲ್ಲ. ಆದರೆ ಈ ಔಷಧಿ ಕೊಟ್ಟರೆ ಹತ್ತು ನಿಮಿಷದ ಬದಲು ಗಂಟೆಗಟ್ಟಲೆ ಸ್ನಾಯು ಸಡಿಲವಾಗಿಯೇ ಇರುತ್ತದೆ. ನಮ್ಮ ದಕ್ಷಿಣ ಭಾರತದ ಆರ್ಯವೈಶ್ಯ ಕುಟುಂಬಗಳಲ್ಲಿ ಇದು ಉಳಿದವರಿಗಿಂತ ಹೆಚ್ಚು ಅಂತ ಅಧ್ಯಯನಗಳು ತೋರಿಸಿವೆ. ಇದರಲ್ಲಿ ಹೆದರುವಂಥದ್ದು, ಮುಚ್ಚಿಡುವಂಥದ್ದು ಏನೂ ಇಲ್ಲ. ಗೊತ್ತಿದ್ದರೆ ನಾವು ಬೇರೆ ಔಷಧಿ ಬಳಸುತ್ತೇವೆ. ಗೊತ್ತಿಲ್ಲದೆ ಕೊಟ್ಟಿದ್ದರೆ, ಔಷಧಿ ಇಳಿಯುವ ತನಕ ನಿದ್ದೆಯಲ್ಲೇ ಇಟ್ಟು ಯಂತ್ರದಿಂದ ಉಸಿರು ಕೊಡುತ್ತೇವೆ. ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆದ ಮೇಲೆ ಎಚ್ಚರವಾಗಲು, ಉಸಿರಾಡಲು ತುಂಬಾ ತಡವಾಗಿತ್ತು ಅಂತಿದ್ದರೆ ತಪ್ಪದೆ ಹೇಳಿ.

ನಿದ್ದೆಯನ್ನು ಮುಂದುವರಿಸುವುದು ಹೆಚ್ಚಾಗಿ ಉಸಿರಿನಲ್ಲಿ ಹೋಗುವ ಅನಿಲ. ಐಸೋಫ್ಲೂರೇನ್, ಸೆವೋಫ್ಲೂರೇನ್, ಡೆಸ್‌ಫ್ಲೂರೇನ್. ಸೆವೋಫ್ಲೂರೇನ್ ಗಂಟಲಿಗೆ ಕಿರಿಕಿರಿ ಮಾಡುವುದಿಲ್ಲ. ಹಾಗಾಗಿ ಸೂಜಿ ಕಂಡರೆ ಅಳುವ ಮಕ್ಕಳಿಗೆ ಮಾಸ್ಕ್ ಹಿಡಿದೇ ನಿದ್ದೆ ಬರಿಸಬಹುದು. ಡೆಸ್‌ಫ್ಲೂರೇನ್ ಬೇಗ ಇಳಿಯುತ್ತದೆ. ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 2,500 ಪಟ್ಟು ಮುಂದೆ. ಸ್ಕಾಟ್ಲೆಂಡ್ 2023ರಲ್ಲಿ ತನ್ನ ಸರ್ಕಾರಿ ಆಸ್ಪತ್ರೆಗಳಲ್ಲಿ ಅದನ್ನು ನಿಲ್ಲಿಸಿತು. ಸರಿಯಾದ ಕೆಲಸ ಅಂತ ನನಗನ್ನಿಸುತ್ತದೆ. ಅದಿಲ್ಲದೆಯೂ ನಮ್ಮ ಕೆಲಸ ನಡೆಯುತ್ತದೆ.

ಆಪರೇಷನ್ ಮುಗಿಯುತ್ತ ಬಂದಾಗ ಅನಿಲ ನಿಲ್ಲಿಸುತ್ತೇವೆ. ಸ್ನಾಯುಗಳಿಗೆ ಶಕ್ತಿ ಮರಳಿಸಲು ನಿಯೋಸ್ಟಿಗ್ಮಿನ್ ಕೊಡುತ್ತೇವೆ. ಅದೊಂದನ್ನೇ ಕೊಟ್ಟರೆ ನಾಡಿ ತೀರಾ ಇಳಿಯುತ್ತದೆ, ಅದಕ್ಕೆ ಜೊತೆಗೆ ಗ್ಲೈಕೋಪೈರೋಲೇಟ್. ಅದರಿಂದಲೇ ಬಾಯಿ ಒಣಗುವುದು. ಎಚ್ಚರವಾದ ಕೂಡಲೇ ಎಲ್ಲರೂ ನೀರು ಕೇಳಲು ಇದೂ ಒಂದು ಕಾರಣ. ಈಗ ಸುಗಮಡೆಕ್ಸ್ ಎಂಬ ಹೊಸದೊಂದಿದೆ. ಅದು ರೋಕ್ಯುರೋನಿಯಂನ ಕಣವನ್ನೇ ಸುತ್ತುವರಿದು ಕಟ್ಟಿಹಾಕುತ್ತದೆ. ತುಂಬಾ ಚೆನ್ನಾಗಿದೆ. ಆದರೆ ಬೆಲೆ ಜಾಸ್ತಿ.

ಕೆಟಮಿನ್ ಬಗ್ಗೆ ಹೇಳದೆ ಹೋದರೆ ಸಣ್ಣ ಊರುಗಳ ಆಸ್ಪತ್ರೆಗಳಿಗೆ ಅನ್ಯಾಯ ಮಾಡಿದಂತೆ. ಮನುಷ್ಯರ ಮೇಲೆ ಮೊದಲ ಪರೀಕ್ಷೆ ನಡೆದದ್ದು 1964ರಲ್ಲಿ, ಅಮೆರಿಕದ ಜೈಲೊಂದರ ಕೈದಿಗಳ ಮೇಲೆ. ಸ್ವಂತ ಇಚ್ಛೆಯಿಂದ ಬಂದವರು ಅಂತ ಬರೆದಿದ್ದಾರೆ. ಜೈಲಿನೊಳಗೆ ಇರುವವನ ಇಚ್ಛೆ ಎಷ್ಟು ಸ್ವತಂತ್ರ ಎಂಬ ಪ್ರಶ್ನೆ ನನಗೆ ಯಾವಾಗಲೂ ಕಾಡುತ್ತದೆ. ಔಷಧಿಯ ಗುಣ ಮಾತ್ರ ದೊಡ್ಡದು. ಇದು ಒಂದೇ ನಿದ್ದೆಯನ್ನೂ ಕೊಡುತ್ತದೆ, ನೋವನ್ನೂ ತಡೆಯುತ್ತದೆ, ಸಾಮಾನ್ಯವಾಗಿ ಉಸಿರನ್ನು ನಿಲ್ಲಿಸುವುದಿಲ್ಲ, ಬಿಪಿಯನ್ನೂ ಇಳಿಸುವುದಿಲ್ಲ. ಅಪಘಾತದಲ್ಲಿ ರಕ್ತ ಹೋಗಿ ಬಂದವರಿಗೆ ಇದಕ್ಕಿಂತ ಆಪ್ತ ಔಷಧಿ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಇದೆ. ಕೊಟ್ಟ ಮೇಲೆ ಕಣ್ಣು ತೆರೆದೇ ಇರಬಹುದು, ಎಚ್ಚರವಾಗುವಾಗ ವಿಚಿತ್ರ ಕನಸು ಬೀಳಬಹುದು. ಮನೆಯವರು ನೋಡಿ ಗಾಬರಿ ಆಗುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಸರಿಹೋಗುತ್ತದೆ.

ಇನ್ನು ಬೆನ್ನಿನ ಇಂಜೆಕ್ಷನ್. ಈ ಸಭೆಯಲ್ಲಿ ಸಿಸೇರಿಯನ್ ಆದ ತಾಯಂದಿರು ಇದ್ದೇ ಇರುತ್ತೀರಿ. ನಿಮಗೆ ಕೊಟ್ಟದ್ದು ಹೆಚ್ಚಾಗಿ ಬ್ಯುಪಿವಕೇನ್, ಸುಮಾರು 2 ಎಂಎಲ್. ಅದರಲ್ಲಿ ಸಕ್ಕರೆ, ಅಂದರೆ ಡೆಕ್ಸ್‌ಟ್ರೋಸ್, ಬೆರೆಸಿರುತ್ತಾರೆ. ಬೆನ್ನುಹುರಿಯ ಸುತ್ತಲಿನ ನೀರಿಗಿಂತ ಔಷಧಿ ಭಾರವಾಗಲಿ ಅಂತ. ಭಾರವಾದದ್ದು ಕೆಳಗೆ ಇಳಿಯುತ್ತದೆ. ಹಾಗಾಗಿ ನಿಮ್ಮನ್ನು ಹೇಗೆ ಕೂರಿಸುತ್ತೇವೆ, ಟೇಬಲನ್ನು ಹೇಗೆ ಓರೆ ಮಾಡುತ್ತೇವೆ ಅನ್ನುವುದರ ಮೇಲೆ ಎಲ್ಲಿಯವರೆಗೆ ಮರಗಟ್ಟಬೇಕು ಅನ್ನುವುದನ್ನು ಹಿಡಿತದಲ್ಲಿ ಇಡಬಹುದು. ಅದೇ ಔಷಧಿ ರಕ್ತನಾಳಗಳನ್ನೂ ಸಡಿಲಿಸುತ್ತದೆ, ಬಿಪಿ ಇಳಿಯುತ್ತದೆ, ವಾಕರಿಕೆ ಬರುತ್ತದೆ. ಆಗ "ಡಾಕ್ಟ್ರೇ, ಏನೋ ಆಗ್ತಿದೆ" ಅಂತ ಹೇಳಿ, ತಡೆದುಕೊಳ್ಳಬೇಡಿ. ಬಿಪಿ ಏರಿಸುವ ಫೀನೈಲ್‌ಎಫ್ರಿನ್, ಎಫೆಡ್ರಿನ್ ಅಥವಾ ಮೆಫೆಂಟರ್ಮಿನ್ ಸಿರಿಂಜಿನಲ್ಲಿ ರೆಡಿ ಇರುತ್ತದೆ.

"ಆ ಇಂಜೆಕ್ಷನ್ ಆದಾಗಿನಿಂದ ಬೆನ್ನು ನೋವು" ಅನ್ನುವ ಮಾತು ನಮ್ಮಲ್ಲಿ ಮನೆಮನೆಯಲ್ಲೂ ಇದೆ. ಚುಚ್ಚಿದ ಜಾಗ ನಾಲ್ಕೈದು ದಿನ ನೋಯಬಹುದು, ನಿಜ. ವರ್ಷಗಟ್ಟಲೆ ಇರುವ ಬೆನ್ನುನೋವಿಗೂ ಈ ಸೂಜಿಗೂ ಅಧ್ಯಯನಗಳಲ್ಲಿ ನಂಟು ಕಂಡಿಲ್ಲ. ಒಂಬತ್ತು ತಿಂಗಳು ಹೊಟ್ಟೆ ಹೊತ್ತ ಬೆನ್ನು ಅದು. ಸಡಿಲಾದ ಗಂಟುಗಳು, ಮಗುವನ್ನು ಬಗ್ಗಿ ಎತ್ತುವುದು, ನಿದ್ದೆಗೆಟ್ಟು ಕೂತು ಹಾಲು ಕುಡಿಸುವುದು. ಸೂಜಿಯನ್ನು ಬೈದು ಸುಮ್ಮನಾದರೆ ಆ ತಾಯಿಯ ನೋವಿಗೆ ಯಾರೂ ಔಷಧಿ ಮಾಡುವುದಿಲ್ಲ. ಅದು ನನ್ನ ಸಂಕಟ. ಎದ್ದು ಕೂತರೆ ಹೆಚ್ಚುವ, ಮಲಗಿದರೆ ಕಡಿಮೆಯಾಗುವ ತಲೆನೋವು ಮಾತ್ರ ಸೂಜಿಯದ್ದೇ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ, ನಮಗೆ ತಿಳಿಸಿ.

ಪ್ರಶ್ನೆಗಳ ಹೊತ್ತಿನಲ್ಲಿ ಒಬ್ಬ ಕಾಲೇಜು ಹುಡುಗ ಮೈಕೆಲ್ ಜಾಕ್ಸನ್ ಸತ್ತದ್ದು ಇದೇ ಪ್ರೊಪೊಫಾಲ್‌ನಿಂದ ಅಲ್ವಾ ಅಂತ ಕೇಳಿದ. ಹೌದು. 2009ರ ಜೂನ್‌ನಲ್ಲಿ, ಮನೆಯ ಮಲಗುವ ಕೋಣೆಯಲ್ಲಿ, ನಿದ್ದೆ ಬರುವುದಿಲ್ಲ ಅಂತ ಕೊಟ್ಟದ್ದು. ಉಸಿರು ನಿಂತರೆ ಗೊತ್ತಾಗಲು ಬೇಕಾದ ಮಾನಿಟರುಗಳು ಇರಲಿಲ್ಲ, ಪಕ್ಕದಲ್ಲಿ ಬಿಡದೆ ನೋಡಿಕೊಳ್ಳುವವರೂ ಇರಲಿಲ್ಲ. ಅದೇ ಔಷಧಿಯಲ್ಲಿ ಅದೇ ದಿನ ಜಗತ್ತಿನ ಸಾವಿರಾರು ಥಿಯೇಟರುಗಳಲ್ಲಿ ಜನ ಮಲಗಿ ಎದ್ದಿದ್ದಾರೆ.

ಒಬ್ಬ ಅಮ್ಮ ಕೇಳಿದರು, ಉಪವಾಸ ಯಾಕೆ, ಒಂದು ಲೋಟ ಕಾಫಿ ಕುಡಿದರೆ ಏನಾಗುತ್ತದೆ ಅಂತ. ಈ ಔಷಧಿಗಳು ಕೆಮ್ಮನ್ನೂ ಮಲಗಿಸುತ್ತವೆ. ಹೊಟ್ಟೆಯಲ್ಲಿ ಇದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ತಡೆಯುವವರಿಲ್ಲ. ಊಟ, ತಿಂಡಿ ಆಗಿ ಕನಿಷ್ಠ 6 ಗಂಟೆ, ಎಣ್ಣೆ, ಮಾಂಸದ ಊಟವಾದರೆ ಇನ್ನೂ ಜಾಸ್ತಿ. ಮಕ್ಕಳಿಗೆ ಎದೆಹಾಲು 4 ಗಂಟೆ ಮುಂಚೆ, ಬರೀ ನೀರು 2 ಗಂಟೆ ಮುಂಚಿನವರೆಗೂ ಸರಿ. ಹಾಲು ಹಾಕಿದ ಕಾಫಿ ತಿಂಡಿಯ ಲೆಕ್ಕಕ್ಕೇ ಸೇರುತ್ತದೆ. ಕುಡಿದಿದ್ದರೆ ಹೇಳಿಬಿಡಿ, ಬೈಯುವುದಿಲ್ಲ, ಆಪರೇಷನ್ ಮುಂದಕ್ಕೆ ಹಾಕುತ್ತೇವೆ ಅಷ್ಟೇ.

ಕುಡಿತದ ವಿಷಯ ಹೆಂಡತಿ ಮುಂದೆ ಹೇಳಲು ಆಗುವುದಿಲ್ಲ ಅಂತ ಒಬ್ಬರು ಆಮೇಲೆ ಬಂದು ಮೆಲ್ಲಗೆ ಹೇಳಿದರು. ನಮ್ಮ ಹತ್ತಿರ ಒಬ್ಬರೇ ಇದ್ದಾಗ ಹೇಳಿ. ದಿನಾ ಕುಡಿಯುವವರಿಗೆ ನಿದ್ದೆಯ ಔಷಧಿ ಜಾಸ್ತಿ ಬೇಕಾಗಬಹುದು, ಮತ್ತು ಇದ್ದಕ್ಕಿದ್ದ ಹಾಗೆ ಬಿಟ್ಟರೆ ಎರಡು ಮೂರು ದಿನದಲ್ಲಿ ನಡುಕ, ಭ್ರಮೆ ಶುರುವಾಗಬಹುದು. ಗುಟ್ಕಾ, ಅಡಿಕೆ ಜಗಿದು ಬಾಯಿ ಅಗಲ ತೆರೆಯಲು ಆಗದವರೂ ಹೇಳಬೇಕು. ಬಾಯಿ ತೆರೆಯದವರಿಗೆ ಸ್ನಾಯು ಸಡಿಲಿಸಿ ಉಸಿರು ನಿಲ್ಲಿಸಿದ ಮೇಲೆ ನಳಿಕೆ ಒಳಗೆ ಹೋಗದಿದ್ದರೆ ಏನು ಗತಿ? ಮೊದಲೇ ಗೊತ್ತಿದ್ದರೆ ಎಚ್ಚರ ಇರುವಾಗಲೇ ಮೂಗಿನಿಂದ ನಳಿಕೆ ಹಾಕುವ ದಾರಿ ಇದೆ. ಮಾತ್ರೆಗಳ ಹೆಸರು ನೆನಪಿರದಿದ್ದರೆ ಶೀಟ್ ತಂದು ತೋರಿಸಿ, ನಾಟಿ ಔಷಧಿ ತಗೊಳ್ಳುತ್ತಿದ್ದರೆ ಅದನ್ನೂ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಬೆನ್ನಿಗೆ ಚುಚ್ಚುವ ಮುಂಚೆ ನಮಗೆ ಗೊತ್ತಾಗಲೇಬೇಕು.

ಹಿಂದೆ ಆಪರೇಷನ್ ಆದಾಗ ಯಾವುದಾದರೂ ಔಷಧಿಗೆ ಮೈ ಊದಿಕೊಂಡಿದ್ದರೆ, ಉಸಿರು ಕಟ್ಟಿದ್ದರೆ, ಜ್ವರ ವಿಪರೀತ ಏರಿದ್ದರೆ, ಆ ಔಷಧಿಯ ಹೆಸರನ್ನು ಡಿಸ್ಚಾರ್ಜ್ ಆಗುವಾಗಲೇ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಅದರ ಫೋಟೋ ತೆಗೆದು ಮನೆಯ ಎಲ್ಲರ ಮೊಬೈಲಿಗೂ ಕಳಿಸಿಡಿ.